ರಸ್ತೆವರೆಗೆ ಬಂದ ಫೈಬರ್ ಮನೆಗೆ ಯಾಕೆ ಬರುವುದಿಲ್ಲ? ಶ್ರೀಮಂತ ದೇಶಗಳೂ ನಮ್ಮಂಥ ದೇಶಗಳೂ

ಅಡಿಕೆತೋಟ (ಸಾಗರ ತಾಲ್ಲೂಕು)

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹತ್ತಿರ ಹತ್ತಿರ 4 ಕಿಲೋಮೀಟರ್. ಆ ರಸ್ತೆ ಪಕ್ಕದಲ್ಲಿ ಇಂಟರ್‌ನೆಟ್ ತರುವ ಫೈಬರ್ ಕೇಬಲ್ (ಬೆಳಕು ಹರಿಯುವ ಗಾಜಿನ ಎಳೆ) ಹೂತು ಆರು ವರ್ಷ ಆಯಿತು. ನಮ್ಮ ಮನೆಗೆ ಇನ್ನೂ ಬಂದಿಲ್ಲ. ನಾನು ಪೇಟೆಯ ಅಂಗಡಿಗಳಿಗೆ ಜಿಎಸ್‌ಟಿ ಲೆಕ್ಕ ಮಾಡಿಕೊಡುತ್ತೇನೆ. ತಿಂಗಳ 20ನೇ ತಾರೀಕು ಹತ್ತಿರ ಬಂತು ಅಂದರೆ ಲ್ಯಾಪ್‌ಟಾಪ್ ಹಿಡಿದು ಗುಡ್ಡದ ಮೇಲಿನ ಗೇರುಮರದ ಬುಡಕ್ಕೆ ಹೋಗಿ ಕೂರಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಎರಡು ಗೆರೆ ಸಿಗುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ.

ತಂಗಿ ಫ್ರಾನ್ಸ್‌ನ ಒಂದು ಸಣ್ಣ ಹಳ್ಳಿಯಲ್ಲಿದ್ದಾಳೆ. ಸುತ್ತ ದ್ರಾಕ್ಷಿ ತೋಟ, ನಮ್ಮಂತೆಯೇ ದೂರ ದೂರ ಮನೆ. ಅವಳ ಮನೆಯೊಳಗೆ ಫೈಬರ್ ಇದೆ. ವಿಡಿಯೋ ಕಾಲ್‌ನಲ್ಲಿ ಅವಳು ಸ್ಪಷ್ಟವಾಗಿ ಕಾಣುತ್ತಾಳೆ, ನಾನು ಮಾತಿನ ಮಧ್ಯೆ ನಿಂತುಹೋಗುತ್ತೇನೆ. ಅಮ್ಮನಿಗೆ ಇದರಿಂದ ಬೇಜಾರು. ಮೊಮ್ಮಗನ ಮುಖ ನೋಡುತ್ತಿರುವಾಗಲೇ ಕಟ್ ಆಗುತ್ತದೆ. ಹೋದ ವಾರ ತಂಗಿ ಒಂದು ಮಾತು ಹೇಳಿದಳು. ಅಲ್ಲಿ ಹಳೇ ತಾಮ್ರದ ಫೋನ್ ಜಾಲವನ್ನು 2030ರೊಳಗೆ ಪೂರ್ತಿ ಮುಚ್ಚುತ್ತಾರಂತೆ, ಎಲ್ಲರನ್ನೂ ಫೈಬರ್‌ಗೆ ಸೇರಿಸುತ್ತಾರಂತೆ. ಅವರಿಗೆ ಮುಚ್ಚಲಿಕ್ಕೆ ಒಂದು ಹಳೇ ಜಾಲ ಇತ್ತು. ನಮ್ಮ ಮನೆಗೆ ಅದು ಬಂದೇ ಇರಲಿಲ್ಲ. ಈ ಯೋಚನೆ ತಲೆಯಲ್ಲಿ ಕೊರೆಯುತ್ತಾ ಇದೆ.

ಸ್ವಲ್ಪ ಲೆಕ್ಕ ನೋಡಿದೆ. 2025ರ ಆರಂಭದಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಕೊಟ್ಟ ಅಂಕಿ ಪ್ರಕಾರ ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಮಾರು 94 ಕೋಟಿ. ಅದರಲ್ಲಿ ವೈರ್ ಮೂಲಕ ಬರುವುದು ಸುಮಾರು 4 ಕೋಟಿ, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಮೊಬೈಲ್. ಅಂದರೆ 100 ಜನಕ್ಕೆ ಸುಮಾರು 3 ವೈರ್ ಸಂಪರ್ಕ. ಫ್ರಾನ್ಸ್, ಕೊರಿಯಾ ಥರದ ದೇಶಗಳಲ್ಲಿ 100 ಜನಕ್ಕೆ 45 ದಾಟುತ್ತದೆ. ಒಂದು ಮನೆಯಲ್ಲಿ ಎರಡು ಮೂರು ಜನ ಅಂತ ಹಿಡಿದರೆ ಅಲ್ಲಿ ಮನೆಗೊಂದು ಬಂದಾಯಿತು. ನಮ್ಮಲ್ಲಿ ಆಫೀಸು, ಅಂಗಡಿ ಎಲ್ಲ ಸೇರಿಸಿದರೂ ಏಳೆಂಟು ಮನೆಗೆ ಒಂದು.

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ದುಡ್ಡಿನ ವ್ಯತ್ಯಾಸವಾ? ಅಥವಾ ಬೇರೆ ಏನೋ ಇದೆಯಾ? ಗೊತ್ತಿರುವವರು ಬರೆಯಿರಿ.

ಬೆಂಗಳೂರು_ಉತ್ತರ

ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಹೋಲಿಕೆಯೇ ಸರಿ ಇಲ್ಲ ಅನ್ನಿಸುತ್ತದೆ. ಅವರು ವೈರ್ ಕಾಲದಲ್ಲಿ ಬೆಳೆದರು, ನಾವು ನೇರ ಮೊಬೈಲ್‌ಗೆ ಹಾರಿದೆವು. 2016ರ ನಂತರ ನಮ್ಮ ಮೊಬೈಲ್ ಡೇಟಾ ಪ್ರಪಂಚದಲ್ಲೇ ಅತಿ ಅಗ್ಗದ ಸಾಲಿಗೆ ಬಂತು. ಹಳ್ಳಿಯ ತರಕಾರಿ ಮಾರುವವರೂ ಯುಪಿಐ ಬಳಸುತ್ತಾರೆ, ಯಾವ ವೈರೂ ಬೇಕಾಗಲಿಲ್ಲ. ಪ್ರತಿ ಮನೆಗೂ ಫೈಬರ್ ಎಳೆಯುವ ದುಡ್ಡಿನಲ್ಲಿ ಇನ್ನಷ್ಟು ಟವರ್ ಹಾಕಿದರೆ ಜಾಸ್ತಿ ಜನಕ್ಕೆ ಉಪಯೋಗ ಅಲ್ವಾ?

ಟೀಚರ್_ದೇವದುರ್ಗ

ಯುಪಿಐಗೆ ಒಂದು ಹನಿ ಡೇಟಾ ಸಾಕು. ಪಾಠಕ್ಕೆ ಸಾಲುವುದಿಲ್ಲ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 2020–21ರಲ್ಲಿ ಶಾಲೆ ಮುಚ್ಚಿದ್ದಾಗ ನನ್ನ ಕ್ಲಾಸಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಫೋನ್. ಅದು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಮಕ್ಕಳು ಮೂವರು. ರಾತ್ರಿ ಫೋನ್ ಮನೆಗೆ ಬಂದಾಗ ದಿನದ 1.5 ಜಿಬಿ ಮುಗಿದಿರುತ್ತಿತ್ತು. ಆ ವರ್ಷ ಓದು ಬಿಟ್ಟ ಇಬ್ಬರು ಹುಡುಗಿಯರು ಮತ್ತೆ ಶಾಲೆಗೆ ಬರಲಿಲ್ಲ. ಅವರ ಮನೆಗೆ ನಾಲ್ಕು ಸಲ ಹೋಗಿ ಬಂದೆ. ಅದನ್ನು ಮರೆಯಲಿಕ್ಕೆ ಆಗುವುದಿಲ್ಲ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತು, ನೆನಪಿದೆಯಾ? ಸುರಿಯುವ ಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಜನ ಅದನ್ನು ಅಪ್ಪನ ಪ್ರೀತಿ ಅಂತ ಹಂಚಿಕೊಂಡರು. ಪ್ರೀತಿ ನಿಜ. ಆದರೆ ಆ ಹುಡುಗಿ ಮನೆಯೊಳಗೆ ಕೂತು ಓದಬೇಕಿತ್ತು.

ಮತ್ತೊಂದು ವಿಷಯ. ನಮ್ಮ ದೇಶದಲ್ಲಿ ಎಷ್ಟು ವೇಗ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಬಹುದು? 2004ರಲ್ಲಿ 256 ಕೆಬಿಪಿಎಸ್ (ಸೆಕೆಂಡಿಗೆ 256 ಕಿಲೋಬಿಟ್) ಇದ್ದರೆ ಸಾಕಿತ್ತು. ಆಮೇಲೆ 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ, ಅಂದರೆ ಸುಮಾರು 2,000 ಕೆಬಿಪಿಎಸ್‌ಗೆ ಏರಿಸಿದರು. ಅಮೆರಿಕ 2024ರಲ್ಲಿ ತನ್ನ ಮಟ್ಟವನ್ನು 100 ಎಂಬಿಪಿಎಸ್‌ಗೆ ಏರಿಸಿತು, ಅಪ್‌ಲೋಡ್‌ಗೆ 20. ಎರಡು ದೇಶಗಳ ಪಟ್ಟಿಯಲ್ಲೂ ಬರೆಯುವ ಪದ ಒಂದೇ, ಬ್ರಾಡ್‌ಬ್ಯಾಂಡ್. ಒಳಗಿರುವ ವಸ್ತು 50 ಪಟ್ಟು ಬೇರೆ.

ಹಳೇ_ಎಕ್ಸ್‌ಚೇಂಜ್

ನಾನು 34 ವರ್ಷ ದೂರವಾಣಿ ಕೆಲಸ ಮಾಡಿ ನಿವೃತ್ತನಾದವನು. ತೋಟದವರ ತಂಗಿ ಹೇಳಿದ ಮಾತಿನಲ್ಲೇ ಅರ್ಧ ಉತ್ತರ ಇದೆ.

ಶ್ರೀಮಂತ ದೇಶಗಳು ಇಂಟರ್‌ನೆಟ್‌ಗಾಗಿ ಮನೆಗೆ ವೈರ್ ಎಳೆಯಲಿಲ್ಲ. ಫೋನಿಗಾಗಿ ಎಳೆದಿದ್ದವು. ಇಂಟರ್‌ನೆಟ್ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಬಹುಪಾಲು ಮನೆಗೆ ತಾಮ್ರದ ಜೋಡಿ ತಂತಿ ಇತ್ತು. ಅಮೆರಿಕದಲ್ಲಿ ಅದರ ಜೊತೆಗೆ ಟಿವಿ ಕೇಬಲ್ ಕೂಡ. 1990ರ ದಶಕದ ಕೊನೆಗೆ ಎಡಿಎಸ್‌ಎಲ್ ಬಂತು, ಅಂದರೆ ಫೋನಿನ ತಾಮ್ರದ ತಂತಿಯಲ್ಲೇ ಇಂಟರ್‌ನೆಟ್ ಕಳಿಸುವ ತಂತ್ರ. ಅದಕ್ಕೆ ಹೊಸ ತಂತಿ ಬೇಡ. ಎಕ್ಸ್‌ಚೇಂಜ್‌ನಲ್ಲಿ ಒಂದು ಯಂತ್ರ, ಮನೆಯಲ್ಲಿ ಒಂದು ಮೋಡೆಮ್, ಅಷ್ಟೇ. ಅತಿ ದುಬಾರಿ ಕೆಲಸ ಯಾವುದು ಗೊತ್ತಾ? ನೆಲ ಅಗೆಯುವುದು. ಅದನ್ನು ಅವರ ಅಜ್ಜಂದಿರ ಕಾಲದಲ್ಲೇ ಮಾಡಿ ಮುಗಿಸಿದ್ದರು. ಮನೆಗಳಿಗೆ ಸಂಪರ್ಕ ಬಂದು, ತಿಂಗಳು ತಿಂಗಳು ಬಿಲ್ ಕಟ್ಟುವ ಅಭ್ಯಾಸವಾಗಿ, ಆ ಹಣದಲ್ಲೇ ನಿಧಾನಕ್ಕೆ ಫೈಬರ್ ಹಾಕಿದರು.

ನಮ್ಮಲ್ಲಿ? ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ತಲೆಮಾರು ಇನ್ನೂ ಇದೆ. ಹಳ್ಳಿಗಳಿಗೆ ಫೋನ್ ತಲುಪಿಸಲಿಕ್ಕೆ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಒಂದು ಸಣ್ಣ ಎಕ್ಸ್‌ಚೇಂಜ್ ತಯಾರಿಸಿತು. ಎಸಿ ಬೇಡ, ನಮ್ಮ ಧೂಳು, ಸೆಖೆ ತಡೆಯುತ್ತಿತ್ತು. 128 ಪೋರ್ಟಿನ ಆ ಮೊದಲ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ, 1986ರ ಜುಲೈನಲ್ಲಿ. ಅದರ ಬಗ್ಗೆ ಈಗಲೂ ಹೆಮ್ಮೆ ಇದೆ. ಆದರೂ ಇಡೀ ದೇಶದಲ್ಲಿ ಸ್ಥಿರ ದೂರವಾಣಿ ಅತಿ ಹೆಚ್ಚು ಅಂದರೆ 4–5 ಕೋಟಿ ಮುಟ್ಟಿತು, 2005–06ರ ಹೊತ್ತಿಗೆ. ಆಮೇಲೆ ಮೊಬೈಲ್ ಬಂತು, ಜನ ಲ್ಯಾಂಡ್‌ಲೈನ್ ಬಿಡತೊಡಗಿದರು. ಬ್ರಾಡ್‌ಬ್ಯಾಂಡ್ ಬೇಕಾಗುವ ಹೊತ್ತಿಗೆ ತಾಮ್ರವೂ ಕಡಿಮೆಯಾಗುತ್ತಿತ್ತು.

ಇದ್ದ ತಾಮ್ರಕ್ಕೂ ಒಂದು ಮಿತಿ ಇತ್ತು. ಎಡಿಎಸ್‌ಎಲ್ ವೇಗ ದೂರ ಹೋದಂತೆ ಬೀಳುತ್ತದೆ. ಎಕ್ಸ್‌ಚೇಂಜ್‌ನಿಂದ 4–5 ಕಿಲೋಮೀಟರ್ ದಾಟಿದರೆ ಏನೂ ಉಳಿಯುವುದಿಲ್ಲ. ಹಾಗಾಗಿ ತೋಟದ ಮನೆಗೆ ತಾಮ್ರ ಬಂದಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ.

ಈಗ ಭಾರತ್‌ನೆಟ್ ವಿಷಯ. ಹಳ್ಳಿಗಳಿಗೆ ಫೈಬರ್ ಒಯ್ಯಲು 2011ರಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರ ಸರ್ಕಾರದ ಯೋಜನೆ, 2.5 ಲಕ್ಷ ಗ್ರಾಮ ಪಂಚಾಯಿತಿಗಳ ಗುರಿ. 2 ಲಕ್ಷಕ್ಕೂ ಜಾಸ್ತಿ ಪಂಚಾಯಿತಿಗೆ ತಲುಪಿದೆ, ಇದು ಸಣ್ಣ ಸಾಧನೆ ಅಲ್ಲ. ಆದರೆ ಮೊದಲು ಕೇಬಲ್ ಹಾಕಿದ್ದು ನೇರ ಗೆರೆಯಂತೆ. ಒಂದು ಕಡೆ ಜೆಸಿಬಿ ಕಡಿದರೆ ಮುಂದಿನ ಊರೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ಬಂತು. ಅದರಲ್ಲಿ ಕೇಬಲ್ ಬಳೆಯಂತೆ ಸುತ್ತಿ ಬರುತ್ತದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ನಡೆಯುತ್ತದೆ. ಹಳ್ಳಿಗಳಲ್ಲಿ 1.5 ಕೋಟಿ ಮನೆಗೆ ಸಂಪರ್ಕ ಕೊಡುವ ಗುರಿಯೂ ಅದರಲ್ಲಿದೆ. ನನಗೆ ಖುಷಿಯಾದದ್ದು ಇದಕ್ಕೇ. ಮೊದಲ ಸಲ ಪಂಚಾಯಿತಿ ಕಟ್ಟಡ ಎಣಿಸುವ ಬದಲು ಮನೆ ಎಣಿಸುತ್ತಿದ್ದಾರೆ.

ಸುವಾನ್_ಕನ್ನಡಿಗ

ನಾನು ದಕ್ಷಿಣ ಕೊರಿಯಾದಲ್ಲಿ 11 ವರ್ಷದಿಂದ ಇದ್ದೇನೆ. ದುಡ್ಡಿದ್ದರೆ ಮಾತ್ರ ಆಗುತ್ತದೆ ಅನ್ನುವ ಮಾತನ್ನು ಕೊರಿಯಾ ಸುಳ್ಳು ಮಾಡಿದೆ ಅಂತ ನನ್ನ ನಂಬಿಕೆ.

1997ರ ಕೊನೆಗೆ ಈ ದೇಶ ದಿವಾಳಿ ಅಂಚಿಗೆ ಬಂದು ಸಾಲಕ್ಕಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ನಿಂತಿತ್ತು. ಇಲ್ಲಿನ ಹಿರಿಯರು ಈಗಲೂ ಅದನ್ನು ಐಎಂಎಫ್ ಕಾಲ ಅಂತಲೇ ಕರೆಯುತ್ತಾರೆ. ಅಂಥ ಹೊತ್ತಿನಲ್ಲಿ, 1999ರಲ್ಲಿ, ಸರ್ಕಾರ ಸೈಬರ್ ಕೊರಿಯಾ 21 ಅನ್ನುವ ಯೋಜನೆ ತಂದಿತು. ಅದೇ ವರ್ಷ ಹೊಸ ಕಂಪನಿ ಹನಾರೊ ಟೆಲಿಕಾಂ ಎಡಿಎಸ್‌ಎಲ್ ಶುರು ಮಾಡಿ ಹಳೇ ದೊಡ್ಡ ಕಂಪನಿ ಕೊರಿಯಾ ಟೆಲಿಕಾಂಗೆ ಪೈಪೋಟಿ ಕೊಟ್ಟಿತು. ಬೆಲೆ ಇಳಿಯಿತು. ಹೊಸ ಅಪಾರ್ಟ್‌ಮೆಂಟ್‌ಗಳಿಗೆ ಒಳಗಿನ ವೈರಿಂಗ್ ನೋಡಿ ದರ್ಜೆ ಪತ್ರ ಕೊಡತೊಡಗಿದರು. ಒಳ್ಳೆ ದರ್ಜೆ ಇದ್ದ ಮನೆಗೆ ಒಳ್ಳೆ ಬೆಲೆ, ಹಾಗಾಗಿ ಕಟ್ಟುವವರೇ ಮುಂದೆ ಬಂದು ವೈರ್ ಹಾಕಿದರು. 2000ದಲ್ಲಿ ಲಕ್ಷಾಂತರ ಗೃಹಿಣಿಯರಿಗೆ ಕಡಿಮೆ ದರದಲ್ಲಿ ಇಂಟರ್‌ನೆಟ್ ಕಲಿಸಿದರು. ನಮ್ಮ ಪಕ್ಕದ ಮನೆ ಅಜ್ಜಿ ಹಾಗೆ ಕಲಿತವರು. 2002ರ ಕೊನೆಯ ಹೊತ್ತಿಗೆ ಬ್ರಾಡ್‌ಬ್ಯಾಂಡ್ 1 ಕೋಟಿ ಸಂಪರ್ಕ ದಾಟಿತು.

ಜನ ಮರೆಯುವ ಒಂದು ವಿಷಯ ಹೇಳುತ್ತೇನೆ. ಇಲ್ಲಿನ ವಿದ್ಯುತ್ ಕಂಪನಿ ಕೆಪ್ಕೊ ತನ್ನ ಕೆಲಸಕ್ಕೆ ಹಾಕಿಕೊಂಡಿದ್ದ ಸಂಪರ್ಕ ಜಾಲವನ್ನು ಬೇರೆ ಇಂಟರ್‌ನೆಟ್ ಕಂಪನಿಗಳು ಬಾಡಿಗೆಗೆ ಪಡೆದವು. ಹೊಸ ಕಂಪನಿಗಳು ಬೇಗ ಬೆಳೆದದ್ದು ಅದರಿಂದ.

ಹೌದು, ಇಲ್ಲಿ ಜನ ಒತ್ತಾಗಿ ಬದುಕುತ್ತಾರೆ. ಒಂದು ಕಟ್ಟಡಕ್ಕೆ ಕೇಬಲ್ ತಂದರೆ 100 ಮನೆ. ಮಲೆನಾಡಿಗೆ ಆ ಅನುಕೂಲ ಇಲ್ಲ, ಒಪ್ಪುತ್ತೇನೆ.

ಬೆಂಗಳೂರು_ಉತ್ತರ

ಟೀಚರ್ ಬರೆದದ್ದು ಓದಿ ರಾತ್ರಿ ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಹುಡುಕಿ ಓದಿದೆ. ನನ್ನ ಮಾತು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ಬ್ರೆಜಿಲ್ ನೋಡಿ. ಜನಸಂಖ್ಯೆ ಸುಮಾರು 21 ಕೋಟಿ. ವೈರ್ ಬ್ರಾಡ್‌ಬ್ಯಾಂಡ್ ಸುಮಾರು 5 ಕೋಟಿ. ನಮ್ಮ ಏಳನೇ ಒಂದು ಭಾಗ ಜನ, ನಮಗಿಂತ ಜಾಸ್ತಿ ಸಂಪರ್ಕ! ಅಲ್ಲಿಯೂ ಬಡತನ ಇದೆ, ಕಾಡಿದೆ, ದೂರ ಇದೆ. ಅಲ್ಲಿ ಏನಾಯಿತು ಅಂದರೆ, ದೊಡ್ಡ ಕಂಪನಿಗಳು ಬೇಡ ಅಂತ ಬಿಟ್ಟ ಒಳನಾಡಿನ ಪಟ್ಟಣಗಳಿಗೆ ಸಾವಿರಾರು ಸಣ್ಣ ಕಂಪನಿಗಳು ಹೋಗಿ ಫೈಬರ್ ಹಾಕಿದವು. ಊರಿನವರೇ ನಡೆಸುವ ಕಂಪನಿಗಳು. ಸರ್ಕಾರ ಸಣ್ಣವರಿಗೆ ನಿಯಮ ಹಗುರ ಮಾಡಿತು. ಇವತ್ತು ಅಲ್ಲಿನ ಅರ್ಧಕ್ಕಿಂತ ಜಾಸ್ತಿ ಸಂಪರ್ಕ ಇಂಥ ಸಣ್ಣವರ ಕೈಯಲ್ಲಿದೆ.

ವಿಯೆಟ್ನಾಂ ಕೂಡ ಹಾಗೇ. 10 ಕೋಟಿ ಜನ, 2 ಕೋಟಿಗೂ ಜಾಸ್ತಿ ವೈರ್ ಸಂಪರ್ಕ. ಚೀನಾ 60 ಕೋಟಿ ದಾಟಿದೆ, ಅದರಲ್ಲಿ 10ಕ್ಕೆ 9 ಫೈಬರ್. ಮೊಬೈಲ್ ಇದೆ, ವೈರ್ ಬೇಡ ಅಂತ ಇವರು ಯಾರೂ ಅಂದುಕೊಳ್ಳಲಿಲ್ಲ. ನಾನು ಅಂದುಕೊಂಡಿದ್ದೆ, ಯಾಕೆಂದರೆ ನನ್ನ ಮನೆಯಲ್ಲಿ ಎರಡೂ ಇವೆ.

ನೈರೋಬಿಯಿಂದ

ಇನ್ನೂ ಬಡ ದೇಶಗಳ ಮಾತು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾರತ ಈ ಸಾಲಿನಲ್ಲಿ ಮಧ್ಯದಲ್ಲಿದೆ, ಕೊನೆಯಲ್ಲಲ್ಲ.

ಪೂರ್ವ ಆಫ್ರಿಕಾದ ಹೆಚ್ಚಿನ ದೇಶಗಳಿಗೆ 2009ರವರೆಗೆ ಸಮುದ್ರದಡಿಯ ಕೇಬಲ್ಲೇ ಇರಲಿಲ್ಲ. ಎಲ್ಲ ಉಪಗ್ರಹದ ಮೂಲಕ. ನಿಧಾನ, ವಿಪರೀತ ದುಬಾರಿ. ಆ ವರ್ಷ ಟೀಮ್ಸ್, ಸೀಕಾಮ್ ಕೇಬಲ್ ಕೀನ್ಯಾದ ಬಂದರು ಮೊಂಬಾಸಾಕ್ಕೆ ಬಂದವು. ಉಗಾಂಡ, ರುವಾಂಡದಂಥ ಕಡಲಿಲ್ಲದ ದೇಶಗಳಿಗೆ ಆ ಸಂಪರ್ಕ ಪಕ್ಕದ ದೇಶ ದಾಟಿ ಹೋಗಬೇಕು, ದಾರಿಯಲ್ಲಿ ಬೆಲೆ ಏರುತ್ತದೆ. 2024ರ ಮಾರ್ಚ್‌ನಲ್ಲಿ ಐವರಿ ಕೋಸ್ಟ್ ಹತ್ತಿರ ನಾಲ್ಕು ಕೇಬಲ್ ಒಟ್ಟಿಗೆ ಕೆಟ್ಟು ಪಶ್ಚಿಮ ಆಫ್ರಿಕಾದ ಎಷ್ಟೋ ದೇಶ ಒದ್ದಾಡಿದವು. ಮೇ ತಿಂಗಳಲ್ಲಿ ನಮ್ಮ ಕಡೆ ಎರಡು ಕಡಿದವು. ಆ ದಿನಗಳಲ್ಲಿ ನನ್ನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಶ್ರೀಮಂತ ದೇಶಕ್ಕೆ ಹತ್ತಾರು ದಾರಿ ಇರುತ್ತದೆ. ಒಂದು ಕಡಿದರೆ ಮನೆಯಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಬೆಲೆ ಬಗ್ಗೆ. ತಿಂಗಳ ಸರಾಸರಿ ಆದಾಯದ ನೂರಕ್ಕೆ 2ಕ್ಕಿಂತ ಕಡಿಮೆ ಖರ್ಚಿನಲ್ಲಿ ಬ್ರಾಡ್‌ಬ್ಯಾಂಡ್ ಸಿಗಬೇಕು ಅಂತ ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗದ ಗುರಿ. ಅತಿ ಬಡ ದೇಶಗಳಲ್ಲಿ ಅತಿ ಅಗ್ಗದ ವೈರ್ ಸಂಪರ್ಕಕ್ಕೂ ಆದಾಯದ ಕಾಲು ಭಾಗಕ್ಕಿಂತ ಜಾಸ್ತಿ ಬೇಕು. ಅಲ್ಲಿ ವೈರ್ ಸಂಪರ್ಕ 100 ಜನಕ್ಕೆ ಒಂದೂ ಇಲ್ಲ. ಜನಕ್ಕೆ ಬೇಡ ಅಂತಲ್ಲ, ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲ ಅಂತ ಯಾರೂ ಹಾಕುವುದಿಲ್ಲ. ಹಾಕದೆ ಬೆಲೆ ಇಳಿಯುವುದಿಲ್ಲ.

ಶ್ರೀಮಂತ ದೇಶದಲ್ಲೂ ಬಡವರಿಗೆ ಬೆಲೆ ಭಾರವೇ. ಅಮೆರಿಕ ತಿಂಗಳಿಗೆ 30 ಡಾಲರ್ ಸಹಾಯ ಕೊಡುತ್ತಿತ್ತು, 2 ಕೋಟಿಗೂ ಜಾಸ್ತಿ ಮನೆ ಅದನ್ನು ಪಡೆಯುತ್ತಿದ್ದವು. 2024ರಲ್ಲಿ ದುಡ್ಡು ಮುಗಿದು ನಿಂತುಹೋಯಿತು. ಬಾಗಿಲಿಗೆ ವೈರ್ ಬಂದಿದೆ, ಒಳಗೆ ತರುವ ಶಕ್ತಿ ಇಲ್ಲ.

ಕೇಬಲ್_ಹಾಸನ

ಎಲ್ಲರೂ ದೇಶದ ಲೆಕ್ಕ ಹೇಳಿದಿರಿ. ನಾನು ಕಂಬದ ಲೆಕ್ಕ ಹೇಳುತ್ತೇನೆ. 2003ರಿಂದ ಟಿವಿ ಕೇಬಲ್, ಈಗ ಏಳು ವರ್ಷದಿಂದ ಫೈಬರ್ ಇಂಟರ್‌ನೆಟ್. 600 ಮನೆ ನೋಡಿಕೊಳ್ಳುತ್ತೇನೆ.

ನಮ್ಮ ಯಂತ್ರಕ್ಕೆ ಒಎಲ್‌ಟಿ ಅಂತಾರೆ. ಅದರ ಒಂದು ಪೋರ್ಟಿನಿಂದ ಒಂದೇ ಎಳೆ ಫೈಬರ್ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಹಾಕಿ 64 ಮನೆಗೆ ಹಂಚಬಹುದು. ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಬೆಳಕನ್ನು ಒಡೆದು ಕೊಡುತ್ತದೆ. 20 ಕಿಲೋಮೀಟರ್‌ವರೆಗೆ ಆರಾಮಾಗಿ ಹೋಗುತ್ತದೆ. ಆ 64 ಮನೆಗೆ ಸೇರಿ 2.5 ಜಿಬಿಪಿಎಸ್, ಅಂದರೆ ಸುಮಾರು 2,500 ಎಂಬಿಪಿಎಸ್. ಹಾಗಾಗಿ ತೋಟದವರ 4 ಕಿಲೋಮೀಟರ್ ತಾಂತ್ರಿಕವಾಗಿ ಏನೂ ಅಲ್ಲ.

ತೊಂದರೆ ಎಲ್ಲಿ ಅಂದರೆ, ಪೇಟೆಯಲ್ಲಿ 4 ಕಿಲೋಮೀಟರ್ ಎಳೆದರೆ 300 ಮನೆ ಸಿಗುತ್ತವೆ. ಅಲ್ಲಿ 10 ಮನೆ. ಕೇಬಲ್ ನಾನು ತಂದದ್ದು ಮೀಟರಿಗೆ 10 ರೂಪಾಯಿ ಲೆಕ್ಕ, ಅಂದರೆ 40,000. ಅದಕ್ಕಿಂತ ದೊಡ್ಡದು ಕಂಬ, ಕೂಲಿ, ಅನುಮತಿ. ವಿದ್ಯುತ್ ಕಂಬದ ಮೇಲೆ ಕಟ್ಟಲಿಕ್ಕೆ ಬಾಡಿಗೆ ಕಟ್ಟಬೇಕು. ಕಟ್ಟಿದ ಮೇಲೂ ಲೈನ್ ಕೆಲಸಕ್ಕೆ ಬಂದವರು ಒಂದು ದಿನ ನಮ್ಮ ಕೇಬಲ್ ಕತ್ತರಿಸಿ ಹೋದರು. ಎರಡು ದಿನ 90 ಮನೆ ಬಂದ್, ನಾನು ಒಬ್ಬನೇ ಕಂಬ ಹತ್ತಿ ಜೋಡಿಸಿದೆ.

ಕೊರಿಯಾದವರು ವಿದ್ಯುತ್ ಕಂಪನಿ ಮಾತು ಎತ್ತಿದ್ದು ಬಹಳ ಸರಿ. ನಮ್ಮ ದೇಶದ ಹೆಚ್ಚಿನ ಮನೆಗೆ ತಾಮ್ರ ಬರಲಿಲ್ಲ, ಆದರೆ ಕರೆಂಟ್ ಕಂಬ ಹೆಚ್ಚುಕಡಿಮೆ ಎಲ್ಲ ಮನೆಗೂ ಬಂದಿದೆ. ನಮ್ಮ ಹಳೇ ಜಾಲ ಅದೇ! ಆಂಧ್ರ ಅದನ್ನು ಮಾಡಿ ತೋರಿಸಿತು. ಕಂಬದ ಮೇಲೆ ಫೈಬರ್ ಎಳೆದು ತಿಂಗಳಿಗೆ 149 ರೂಪಾಯಿಗೆ ಟಿವಿ, ಫೋನ್, ಇಂಟರ್‌ನೆಟ್ ಮೂರೂ ಕೊಟ್ಟಿತು. ಕೇರಳ ಸರ್ಕಾರದ ಫೈಬರ್ ಇಂಟರ್‌ನೆಟ್ ಯೋಜನೆ ಕೆ-ಫೋನ್ 2023ರಲ್ಲಿ ಶುರುವಾಯಿತು, ಅದೂ ವಿದ್ಯುತ್ ಮಂಡಳಿಯ ಜಾಲದ ಮೇಲೆಯೇ. 20 ಲಕ್ಷ ಬಡ ಕುಟುಂಬಕ್ಕೆ ಉಚಿತ ಅನ್ನುವ ಗುರಿ. ಅಮೆರಿಕದ ಚಟಾನೂಗದಲ್ಲಿ ಊರಿನ ವಿದ್ಯುತ್ ಮಂಡಳಿಯೇ 2010ರಲ್ಲಿ ಇಡೀ ಊರಿಗೆ 1 ಜಿಬಿಪಿಎಸ್ ಕೊಟ್ಟಿತ್ತು. ಕಂಬ ಇರುವವರು ಮನಸ್ಸು ಮಾಡಿದರೆ ನನ್ನಂಥವರು ಉಳಿದದ್ದು ಮಾಡುತ್ತೇವೆ.

ಲ್ಯಾಂಕಾಸ್ಟರ್_ನರ್ಸ್

ಇಂಗ್ಲೆಂಡ್‌ನಿಂದ. ಹಳೇ ತಾಮ್ರ ಇದ್ದದ್ದು ಇಲ್ಲಿ ಅಡ್ಡಿಯೂ ಆಯಿತು. ಇರುವುದರಲ್ಲೇ ನಡೆಸೋಣ ಅಂತ ಕೂತರು. 2019ರ ಆರಂಭದಲ್ಲಿ ಬ್ರಿಟನ್‌ನಲ್ಲಿ ಮನೆಯೊಳಗಿನವರೆಗೂ ಪೂರ್ತಿ ಫೈಬರ್ ಸಿಗುತ್ತಿದ್ದದ್ದು 100ರಲ್ಲಿ 10 ಮನೆಗೂ ಕಡಿಮೆ. ಜರ್ಮನಿ ಈಗಲೂ ಹಿಂದೆಯೇ ಇದೆ.

ನಮ್ಮ ಲ್ಯಾಂಕಾಷೈರ್‌ನ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಬರಲಿಲ್ಲ. 2011ರಲ್ಲಿ ಇಲ್ಲಿನ ರೈತರು, ಊರವರು ಸೇರಿ ಬಿ4ಆರ್‌ಎನ್ ಅನ್ನುವ ಸಮುದಾಯ ಸಂಸ್ಥೆ ಕಟ್ಟಿದರು. ಊರವರೇ ಷೇರು ಹಾಕಿದರು. ರೈತರು ತಮ್ಮ ಜಮೀನಿನಲ್ಲಿ ಕೇಬಲ್ ಹೋಗಲು ದುಡ್ಡು ಕೇಳದೆ ಬಿಟ್ಟರು, ಟ್ರ್ಯಾಕ್ಟರ್ ತಂದರು, ತಾವೇ ಅಗೆದರು. ರಸ್ತೆ ಬದಿ ಬಿಟ್ಟು ಹೊಲದ ನಡುವೆ ಹಾಕಿದ್ದರಿಂದ ಖರ್ಚು ಬಹಳ ಇಳಿಯಿತು. ಕುರಿ ಮೇಯುವ ಗುಡ್ಡದ ಮನೆಗಳಿಗೆ 1 ಜಿಬಿಪಿಎಸ್ ಬಂತು. ನಾನು ಆರೈಕೆಗೆ ಹೋಗುವ ಒಬ್ಬ ಅಜ್ಜ ಪೈಪ್ ಹಾಸಿದ ಕಥೆ ಪ್ರತಿ ಸಲ ಹೇಳುತ್ತಾರೆ. ತೋಟದವರೇ, ನಿಮ್ಮ ಕಡೆ ಇದು ಆಗುವುದಿಲ್ಲವಾ?

ಅಡಿಕೆತೋಟ

ಎಲ್ಲರಿಗೂ ಧನ್ಯವಾದ. ನರ್ಸ್ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಭಾನುವಾರ ಮನೆ ಮನೆಗೆ ಹೋಗಿ ಬಂದೆ. ನಮ್ಮ ದಾರಿಯಲ್ಲಿ 11 ಮನೆ. 8 ಮನೆಯವರು ತಿಂಗಳಿಗೆ 400–500 ರೂಪಾಯಿ ಕಟ್ಟಲು ತಯಾರು. ಒಂದು ಮನೆಯ ಇಬ್ಬರು ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ನೆಟ್ ಬಂದರೆ ಮನೆಯಿಂದಲೇ ಕೆಲಸ ಮಾಡುತ್ತೇವೆ ಅಂದರಂತೆ. ಅವರ ಅಪ್ಪ ಅದನ್ನು ಹೇಳುವಾಗ ಗಂಟಲು ಕಟ್ಟಿತು. ಅಗೆಯುವ ಕೆಲಸಕ್ಕೆ ಮನೆಗೊಬ್ಬರು ಬರುತ್ತಾರೆ, ಮುಯ್ಯಾಳಿನಂತೆ.

ಕೇಬಲ್ ಅಣ್ಣ, ಒಂದು ಪ್ರಶ್ನೆ. ಅಡಿಕೆ ಮರಕ್ಕೆ ಕಟ್ಟಿಕೊಂಡು ತಂದರೆ ಆಗುತ್ತದಾ? ಕಂಬದ ಖರ್ಚು ಉಳಿಯುತ್ತದೆ.

ಕೇಬಲ್_ಹಾಸನ

ಮರ ಬೇಡ. ಮಂಗ ಕಚ್ಚುತ್ತದೆ, ಗಾಳಿಗೆ ಎಳೆದಾಡಿ ಒಳಗಿನ ಎಳೆ ಮುರಿಯುತ್ತದೆ, ಹೊರಗಿಂದ ಗೊತ್ತೂ ಆಗುವುದಿಲ್ಲ. ನಿಮ್ಮ ಕಡೆ ತೋಟಕ್ಕೆ ಅಗಳ (ಸುತ್ತ ತೋಡಿದ ಕಂದಕ) ಇರುತ್ತದಲ್ಲ, ಅದರ ಮೇಲಿನ ದಂಡೆಯಲ್ಲಿ ಒಂದು ಮೊಳ ಆಳಕ್ಕೆ ಪೈಪ್ ಹಾಕಿ, ಒಳಗೆ ಕೇಬಲ್. ನೀರು ನಿಲ್ಲುವ ತಳದಲ್ಲಿ ಬೇಡ. ಪ್ರತಿ 500 ಮೀಟರಿಗೆ ಒಂದು ಕಡೆ 10 ಮೀಟರ್ ಸುತ್ತಿಟ್ಟುಕೊಳ್ಳಿ, ಕಡಿದರೆ ಜೋಡಿಸಲು ಬೇಕು. ದಾರಿಯಲ್ಲಿ ಅರಣ್ಯದ ಜಾಗ ಎಷ್ಟಿದೆ ಅಂತ ಮೊದಲು ನೋಡಿ, ಅದಕ್ಕೆ ಅನುಮತಿ ಇಲ್ಲದೆ ಗುದ್ದಲಿ ಹಾಕಬೇಡಿ. ಮನೆಯ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಇಡಿ, ಕರೆಂಟ್ ಹೋದರೂ ನೆಟ್ ಇರುತ್ತದೆ.

ಸಾಗರದ ಕಡೆ ಫೈಬರ್ ಹಂಚುವ ಸ್ಥಳೀಯರು ಯಾರಾದರೂ ಇರುತ್ತಾರೆ, ಮೊದಲು ಅವರ ಹತ್ತಿರ ಹೋಗಿ. 8 ಮನೆ ಒಟ್ಟಿಗೆ ಬರೆದುಕೊಟ್ಟ ಕಾಗದ ಕೈಯಲ್ಲಿ ಹಿಡಿದೇ ಹೋಗಿ. ಜೋಡಿಸುವ ಯಂತ್ರ ಸಿಗದಿದ್ದರೆ ಹೇಳಿ. ದೀಪಾವಳಿ ಕಳೆದ ಮೇಲೆ ನಾನು ಎರಡು ದಿನ ಬರುತ್ತೇನೆ.

ಅಡಿಕೆತೋಟ

ಬನ್ನಿ ಅಣ್ಣ. ನಮ್ಮ ಮನೆಯಲ್ಲೇ ಉಳಿಯಬಹುದು. ಅರಣ್ಯದ ಜಾಗ 600 ಮೀಟರ್ ಇದೆ, ನಾಳೆ ಅರ್ಜಿ ಬರೆಯುತ್ತೇನೆ.